ಆಟಕ್ಕೂ ಪಾಠಕ್ಕೂ ಒಂದೇ ಮೌಸ್

ಅಕ್ಕನ ಮನೆಯಲ್ಲಿ ಕಂಪ್ಯೂಟರ್ ಒಂದೇ, ಬಳಸುವವರು ಮೂವರು. ಮಗ ಎಂಜಿನಿಯರಿಂಗ್ ಮೊದಲ ವರ್ಷ. ಹಗಲು ಕಾಲೇಜಿನ ಡ್ರಾಯಿಂಗ್, ರಾತ್ರಿ ‘ವ್ಯಾಲರೆಂಟ್’ ಎಂಬ ಗುಂಡು ಹಾರಿಸುವ ಆಟ. ಮಗಳು ದ್ವಿತೀಯ ಪಿಯುಸಿ, ಜೆಇಇಗೆ ಓದುತ್ತಿದ್ದಾಳೆ. ಭಾವ ತಿಂಗಳ ಕೊನೆಗೆ ಒಮ್ಮೆ ಎಕ್ಸೆಲ್ ತೆರೆದು ಮನೆಯ ಲೆಕ್ಕ ಬರೆಯುತ್ತಾರೆ.

ಕಳೆದ ದೀಪಾವಳಿಯ ಹೊತ್ತಿಗೆ ಅಕ್ಕ ಫೋನ್ ಮಾಡಿದಳು. “ಇವನಿಗೆ ಗೇಮಿಂಗ್ ಮೌಸ್ ಬೇಕಂತೆ ಕಣೋ. ಐದು ಸಾವಿರವಂತೆ! ಗಣಪತಿ ವಾಹನಕ್ಕೂ ಅಷ್ಟು ಖರ್ಚು ಬರೋದಿಲ್ಲ. ನೀನೇ ಬಂದು ಬುದ್ಧಿ ಹೇಳು.”

ಹೋದೆ. ಹುಡುಗ ವಾದಕ್ಕೆ ಸಿದ್ಧನಾಗಿಯೇ ಕುಳಿತಿದ್ದ. ಹಳೆಯ ಮೌಸ್ ಬರೀ 1,000 ಡಿಪಿಐ, ತಾನು ನೋಡಿಟ್ಟಿರುವುದು 25,000 ಡಿಪಿಐ. ಇಪ್ಪತ್ತೈದು ಪಟ್ಟು! ಅಕ್ಕ ನನ್ನ ಮುಖ ನೋಡಿದಳು. ನಾವು ಹೀಗೆ ಚರ್ಚೆಯಲ್ಲಿದ್ದಾಗ ಮಾದರಿ ಪರೀಕ್ಷೆ ಬರೆಯುತ್ತಿದ್ದ ಹುಡುಗಿ ಮೆಲ್ಲಗೆ ಕರೆದಳು. “ಮಾಮ, ಇಲ್ಲಿ ನೋಡಿ. ನಾನು ಒಂದೇ ಸಲ ಒತ್ತಿದ್ದು.”

ಪರದೆಯ ಮೇಲಿನ ಅಂಕಿಗಳ ಪಟ್ಟಿಯಲ್ಲಿ ಅವಳು 2 ಒತ್ತಿದ್ದಳು. ಉತ್ತರದ ಜಾಗದಲ್ಲಿ 22 ಬಿದ್ದಿತ್ತು.

ಜೆಇಇ ಮೇನ್ ಪರೀಕ್ಷೆಯ ಎಂಜಿನಿಯರಿಂಗ್ ಪತ್ರಿಕೆ 2019ರಿಂದ ಪೂರ್ತಿ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಅದರಲ್ಲಿ ಅಂಕಿಯ ರೂಪದಲ್ಲೇ ಉತ್ತರ ಕೊಡಬೇಕಾದ ಪ್ರಶ್ನೆಗಳಿರುತ್ತವೆ. 2025ರ ಪತ್ರಿಕೆಯಲ್ಲಿ ವಿಷಯಕ್ಕೆ ಐದರಂತೆ ಇದ್ದವು. ಅಲ್ಲಿ ಕೀಬೋರ್ಡ್ ಮುಟ್ಟುವಂತಿಲ್ಲ; ಪರದೆಯ ಮೇಲೆ ಮೂಡುವ ಅಂಕಿಗಳನ್ನು ಮೌಸ್‌ನಿಂದ ಒಂದೊಂದಾಗಿ ಒತ್ತಬೇಕು. ಮಾದರಿ ಪರೀಕ್ಷೆಗಳೂ ಹಾಗೆಯೇ. 25 ಎಂದು ಒತ್ತಿದ್ದು 255 ಆದರೆ ಲೆಕ್ಕ ಸರಿಯಿದ್ದೂ ಉತ್ತರ ತಪ್ಪು. ‘ಸೇವ್ ಅಂಡ್ ನೆಕ್ಸ್ಟ್’ ಒಂದು ಸಲ ಒತ್ತಿದ್ದು ಎರಡಾದರೆ ನಡುವಿನ ಒಂದು ಪ್ರಶ್ನೆಯೇ ದಾಟಿಹೋಗುತ್ತದೆ. ಒಂದು ತಿಂಗಳಿಂದ ಹುಡುಗಿಯ ಅಂಕ ಏರುಪೇರಾಗುತ್ತಿತ್ತು. ಮನೆಯವರೆಲ್ಲ “ಅವಸರ ಮಾಡಬೇಡ” ಎಂದು ಅವಳಿಗೇ ಹೇಳಿದ್ದರು. ಅವಳೂ ತನ್ನದೇ ತಪ್ಪೆಂದು ನಂಬಿದ್ದಳು. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಅಂದರೆ ಆ ಮನೆಗೆ ಹೊಸ ಮೌಸ್ ಬೇಕಿತ್ತು, ನಿಜ. ಆದರೆ ಬೇಕಾದ ಕಾರಣ ಹುಡುಗ ಹೇಳಿದ್ದಲ್ಲ.

ಮೌಸ್‌ನ ಎಡಗುಂಡಿಯ ಕೆಳಗೆ ಒಂದು ಪುಟ್ಟ ಸ್ವಿಚ್ ಇರುತ್ತದೆ. ಅದರೊಳಗೆ ತೆಳ್ಳನೆಯ ಲೋಹದ ಪಟ್ಟಿ. ನಾವು ಒತ್ತಿದಾಗ ಪಟ್ಟಿ ಬಾಗಿ ಇನ್ನೊಂದು ಲೋಹಕ್ಕೆ ತಗುಲುತ್ತದೆ. ‘ಟಿಕ್’ ಎನ್ನುವುದು ಅದೇ. ವರ್ಷಗಟ್ಟಲೆ ಒತ್ತಿ ಒತ್ತಿ ಪಟ್ಟಿಯ ಬಿಗುವು ಸಡಿಲವಾಗುತ್ತದೆ, ತಗುಲುವ ಜಾಗ ಸವೆಯುತ್ತದೆ, ಮೇಲೆ ಕಿಲುಬು ಕೂರುತ್ತದೆ. ಆಗ ಪಟ್ಟಿ ಒಮ್ಮೆ ತಗುಲಿ, ಕೂದಲೆಳೆಯಷ್ಟು ಬಿಟ್ಟು, ಮತ್ತೆ ತಗುಲುತ್ತದೆ. ಕಂಪ್ಯೂಟರಿನ ಲೆಕ್ಕಕ್ಕೆ ಅದು ಎರಡು ಸಲ ಒತ್ತಿದಂತೆ. ನಿಮ್ಮ ಮನೆಯ ಮೌಸ್‌ಗೂ ಈ ರೋಗ ಬಂದಿದೆಯೇ ನೋಡಬೇಕೆ? ಯಾವುದಾದರೂ ಫೋಲ್ಡರಿನ ಮೇಲೆ ನಿಧಾನವಾಗಿ ಒಂದೊಂದೇ ಸಲ, ಐವತ್ತು ಬಾರಿ ಒತ್ತಿ. ನಡುವೆ ಒಮ್ಮೆಯಾದರೂ ಅದು ತಾನಾಗಿಯೇ ತೆರೆದುಕೊಂಡರೆ ಸ್ವಿಚ್ ಕೆಟ್ಟಿದೆಯೆಂದೇ ತಿಳಿಯಿರಿ. ಫೈಲ್ ಎಳೆದುಕೊಂಡು ಹೋಗುವಾಗ ದಾರಿಯಲ್ಲಿ ಕೈಜಾರಿ ಬೀಳುವುದೂ ಇದೇ ರೋಗದ ಲಕ್ಷಣ. ಬೆಸುಗೆ ಹಾಕಲು ಬಲ್ಲವರು ಸ್ವಿಚ್ ಒಂದನ್ನೇ ಬದಲಿಸಬಹುದು. ಉಳಿದವರಿಗೆ ಹೊಸದೇ ಗತಿ.

ಪೆಟ್ಟಿಗೆಯ ಮೇಲೆ ‘ಒಂದು ಕೋಟಿ ಕ್ಲಿಕ್’ ಎಂದು ಬರೆದಿರುವುದು ಈ ಸ್ವಿಚ್‌ನ ಆಯುಸ್ಸು. ದಿನಕ್ಕೆ ಐದು ಸಾವಿರ ಸಲ ಒತ್ತಿದರೂ ಐದೂವರೆ ವರ್ಷ ಬಾಳಬೇಕು ಎನ್ನುತ್ತದೆ ಲೆಕ್ಕ. ಲೆಕ್ಕ ಮಾತ್ರ! ನಮ್ಮ ಊರುಗಳ ಧೂಳು, ಮಳೆಗಾಲದ ತೇವ, ಆಟದ ಆವೇಶದಲ್ಲಿ ಮೇಜಿಗೆ ಬೀಳುವ ಗುದ್ದು, ಇವು ಯಾವುದೂ ಆ ಲೆಕ್ಕದಲ್ಲಿಲ್ಲ.

ಇನ್ನು ಹುಡುಗನ 25,000ಕ್ಕೆ ಬರೋಣ. ಡಿಪಿಐ ಎಂದರೆ, ಸರಳವಾಗಿ ಹೇಳುವುದಾದರೆ, ಮೌಸ್ ಒಂದು ಇಂಚು ಸರಿದಾಗ ಕಂಪ್ಯೂಟರಿಗೆ ಎಷ್ಟು ಎಣಿಕೆ ಕಳಿಸುತ್ತದೆ ಎಂಬುದು. ಸಾಧಾರಣ ಪರದೆಯ ಅಗಲ 1,920 ಚುಕ್ಕಿ. 800 ಡಿಪಿಐ ಇಟ್ಟರೆ, ಒಂದು ಎಣಿಕೆಗೆ ಒಂದು ಚುಕ್ಕಿಯಂತೆ, ಕೈ 2.4 ಇಂಚು ಸರಿದಾಗ ಬಾಣದ ಗುರುತು ಈ ತುದಿಯಿಂದ ಆ ತುದಿ ಮುಟ್ಟುತ್ತದೆ. 25,000 ಇಟ್ಟರೆ? ಎರಡು ಮಿಲಿಮೀಟರ್ ಸರಿದರೆ ಸಾಕು, ಬಾಣ ಪರದೆಯ ಆಚೆ! ಕೆಮ್ಮಿದರೂ ಗುರಿ ತಪ್ಪೀತು. ಇಂಥ ಆಟಗಳನ್ನು ವೃತ್ತಿಯಾಗಿ ಆಡುವವರಲ್ಲಿ ಬಹುಮಂದಿ ಇಟ್ಟುಕೊಳ್ಳುವುದು 400, 800, ಹೆಚ್ಚೆಂದರೆ 1,600. ಈ ಮಾತು ಹುಡುಗನಿಗೂ ಗೊತ್ತಿತ್ತು. ಕೇಳಿದಾಗ ಕಿವಿ ಕೆರೆದುಕೊಂಡ.

ಇನ್ನೊಂದು ಸಂಖ್ಯೆ, ಮೌಸ್ ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ ಎಂಬುದು. ಸಾಮಾನ್ಯ ಮೌಸ್ 125 ಸಲ, ಆಟದ್ದು 1,000 ಸಲ. ಅಂದರೆ ಎಂಟು ಮಿಲಿಸೆಕೆಂಡಿನ ಬದಲು ಒಂದು. ವ್ಯತ್ಯಾಸ ನಿಜ, ಆದರೆ ಸೆಕೆಂಡಿಗೆ 60 ಚಿತ್ರ ಮೂಡಿಸುವ ಮನೆಯ ಪರದೆ ಹೊಸ ಚಿತ್ರಕ್ಕೆ ಹದಿನಾರು ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಹಾಗಾಗಿ ಅದರ ಸೊಗಸು ಬಹುಮಟ್ಟಿಗೆ ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ನೋಡಬೇಕಾದದ್ದು ಏನನ್ನು? ಮೊದಲು ಕೈಯನ್ನು. ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗೆ ಅಳೆಯಿರಿ. ಮೌಸ್‌ನ ಉದ್ದ ಅದರ ನೂರಕ್ಕೆ ಅರವತ್ತರ ಆಸುಪಾಸು ಇದ್ದರೆ ಹಿತ ಎಂಬುದು ಆಟಗಾರರ ಕೈಲೆಕ್ಕ. ಹದಿನೇಳು ಸೆಂಟಿಮೀಟರಿನ ಕೈಗೆ ಹತ್ತು, ಹತ್ತೊಂಬತ್ತೂವರೆಯ ಕೈಗೆ ಹನ್ನೊಂದೂಮುಕ್ಕಾಲು. ಇದೇನು ಶಾಸ್ತ್ರವಲ್ಲ. ಪಾದರಕ್ಷೆ ಕೊಳ್ಳುವಾಗ ಕಾಲಿಗೆ ಹಾಕಿ ನೋಡುವ ನಾವು ದಿನಕ್ಕೆ ನಾಲ್ಕು ಗಂಟೆ ಹಿಡಿಯುವ ವಸ್ತುವನ್ನು ಚಿತ್ರ ನೋಡಿಯೇ ತರಿಸಿಕೊಳ್ಳುತ್ತೇವಲ್ಲ, ಅದು ನನಗೆ ಅರ್ಥವಾಗುವುದಿಲ್ಲ. ಹುಡುಗಿ ಎಡಗೈಯವಳು. ಆದರೆ ಮೌಸ್ ಹಿಡಿಯುವುದು ಬಲಗೈಯಲ್ಲಿ. “ಎಡಗೈಲಿ ಪೆನ್ ಹಿಡಿದು ಲೆಕ್ಕ ಮಾಡ್ತಾ ಇರ್ತೀನಿ ಮಾಮ, ಕೆಳಗಿಡೋದೇ ಬೇಡ” ಎಂದಳು. ಜಾಣೆ!

ಎರಡನೆಯದು ಕಣ್ಣು. 1964ರಲ್ಲಿ ಅಮೆರಿಕದ ಡಗ್ಲಸ್ ಎಂಗೆಲ್ಬಾರ್ಟ್ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ತಯಾರಿಸಿದ ಮೊದಲ ಮೌಸ್ ಮರದ ಪೆಟ್ಟಿಗೆಯಾಗಿತ್ತು, ಅಡಿಯಲ್ಲಿ ಎರಡು ಚಕ್ರ. ಆಮೇಲೆ ಬಂದ ಗುಂಡಿನ ಮೌಸ್ ಇಂದಿನ ಅಪ್ಪ ಅಮ್ಮಂದಿರಿಗೆ ನೆನಪಿದ್ದೀತು. ಗುಂಡು ಹೊರತೆಗೆದು ಒಳಗಿನ ಉರುಳೆಗೆ ಅಂಟಿದ ಕೊಳೆಯನ್ನು ಉಗುರಿನಿಂದ ಕೆರೆಯುವುದೇ ಒಂದು ಕೆಲಸವಾಗಿತ್ತು. ಈಗಿನದರಲ್ಲಿ ಪುಟ್ಟ ದೀಪ ಮೇಜನ್ನು ಬೆಳಗುತ್ತದೆ, ಪುಟ್ಟ ಕ್ಯಾಮೆರಾ ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆದು ಒಂದರ ಜತೆ ಇನ್ನೊಂದನ್ನು ಹೋಲಿಸಿ ಎಷ್ಟು ಸರಿದೆವೆಂದು ಲೆಕ್ಕ ಹಾಕುತ್ತದೆ. ನುಣುಪು ಗಾಜಿನ ಮೇಜಿನಲ್ಲಿ ಹೋಲಿಸಲು ಗುರುತುಗಳೇ ಇಲ್ಲದ್ದರಿಂದ ಸಾಧಾರಣ ಮೌಸ್ ಕುರುಡಾಗುತ್ತದೆ. ಅಡಿಗೆ ಮ್ಯಾಟ್ ಹಾಕಿ. ಇಲ್ಲವಾದರೆ ಓದಿ ಮುಗಿಸಿದ ಈ ಪುರವಣಿಯನ್ನು ಹಾಸಿದರೂ ನಡೆಯುತ್ತದೆ!

ಅಗ್ಗದ ಮೌಸ್‌ನ ಕಣ್ಣು ನಿಧಾನಕ್ಕೆ ಸರಿದಾಗ ಸರಿಯಾಗಿಯೇ ಇದ್ದು, ರಭಸದಿಂದ ಎಳೆದಾಗ ದಾರಿ ತಪ್ಪುತ್ತದೆ. ಪರೀಕ್ಷೆ ಸುಲಭ. ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ ‘ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್’ ಎಂಬುದರ ಟಿಕ್ ತೆಗೆಯಿರಿ. ಮೇಜಿನ ಮೇಲೆ ಎರಡು ದಪ್ಪ ಪುಸ್ತಕಗಳ ನಡುವೆ ಮೌಸ್ ಇಟ್ಟು, ಬಾಣ ಪರದೆಯ ಅಂಚು ಮುಟ್ಟದಂತೆ, ಒಂದರಿಂದ ಇನ್ನೊಂದಕ್ಕೆ ಥಟ್ಟನೆ ಎಳೆದು, ನಿಧಾನವಾಗಿ ಹಿಂದಕ್ಕೆ ತನ್ನಿ. ಬಾಣ ಹೊರಟ ಜಾಗಕ್ಕೇ ಮರಳಬೇಕು. ಅಂದಹಾಗೆ, ಆ ಟಿಕ್ ಇದ್ದರೆ ಕೈಯ ವೇಗಕ್ಕೆ ತಕ್ಕಂತೆ ಬಾಣದ ಓಟವೂ ಬದಲಾಗುತ್ತದೆ. ಕೆಲವು ಆಟಗಳಲ್ಲಿ ಕೈಗೆ ಅಳತೆ ಕೂರುವುದಿಲ್ಲ. ಅದನ್ನು ತೆಗೆದ ಮೇಲೆ ಹುಡುಗ ಹಳೆಯ ಮೌಸ್‌ನಲ್ಲೇ ಸುಧಾರಿಸಿದ. ಒಂದು ಪೈಸೆ ಖರ್ಚಿಲ್ಲ.

ವೈರು ಬೇಕೇ, ಬೇಡವೇ? ಈಗಿನ ಒಳ್ಳೆಯ ವೈರ್‌ಲೆಸ್ ಮೌಸ್‌ಗಳು ವೇಗದಲ್ಲಿ ಹಿಂದೆ ಬಿದ್ದಿಲ್ಲ. ಆದರೆ ಒಂದೆರಡು ಸಾವಿರದೊಳಗೆ ಕೊಳ್ಳುವವರಿಗೆ ಬಾಲವಿರುವುದೇ ಲೇಸು ಎಂಬುದು ನನ್ನ ಮತ. ಅದೇ ಹಣಕ್ಕೆ ಮೇಲ್ಮಟ್ಟದ ಕಣ್ಣು ಸಿಗುತ್ತದೆ, ಪರೀಕ್ಷೆಯ ಹಿಂದಿನ ರಾತ್ರಿ ಬ್ಯಾಟರಿ ಮುಗಿಯುವುದಿಲ್ಲ. ವೈರು ಮೌಸ್‌ನಿಂದ ಹೊರಡುವ ಕುತ್ತಿಗೆಯನ್ನು ಮಾತ್ರ ಬೆರಳಲ್ಲಿ ಬಾಗಿಸಿ ನೋಡಿ. ತುಂಡಾಗುವುದು ಅಲ್ಲಿಯೇ.

ಮರುದಿನ ಮೂವರೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಅಂಗಡಿಯಾತ ಬಣ್ಣದ ದೀಪಗಳ ಹತ್ತಾರು ಮೌಸ್‌ಗಳನ್ನು ಹರವಿದ. 350 ರೂಪಾಯಿಯದೊಂದು ಹುಡುಗಿಗೆ ಸಾಕಾಗುತ್ತಿತ್ತು. ಪಾಠಕ್ಕಷ್ಟೇ ಬೇಕಾದವರು ಅದಕ್ಕಿಂತ ಹೆಚ್ಚು ಸುರಿಯಬೇಕಿಲ್ಲ. ಆದರೆ ಡ್ರಾಯಿಂಗ್ ತಂತ್ರಾಂಶದಲ್ಲಿ ಹಾಳೆ ಸರಿಸಲು ನಡುವಿನ ಚಕ್ರವನ್ನೇ ಒತ್ತಿ ಹಿಡಿಯಬೇಕು. ಇದರ ಚಕ್ರ ಒತ್ತಿದರೆ ಪಕ್ಕಕ್ಕೆ ಓಲಾಡುತ್ತಿತ್ತು. ಬಿಟ್ಟೆವು. ಕೊನೆಗೆ ಆರಿಸಿದ್ದು ಲಾಜಿಟೆಕ್‌ನ ಜಿ102, ಸುಮಾರು 1,400 ರೂಪಾಯಿ. 2020ರಲ್ಲಿ ಬಂದ ಮಾದರಿ. 85 ಗ್ರಾಂ ತೂಕ, ಹನ್ನೊಂದೂಮುಕ್ಕಾಲು ಸೆಂಟಿಮೀಟರಿಗೆ ಕೊಂಚ ಕಡಿಮೆ ಉದ್ದ, ಆರು ಗುಂಡಿ, 8,000 ಡಿಪಿಐವರೆಗೆ, ಸೆಕೆಂಡಿಗೆ 1,000 ವರದಿ. ಕೊರತೆಗಳೂ ಇವೆ. ದೊಡ್ಡ ಕೈಗೆ ಚಿಕ್ಕದು. ವೈರಿಗೆ ಬಟ್ಟೆಯ ಹೊದಿಕೆಯಿಲ್ಲ, ಬರಿಯ ರಬ್ಬರು. ಆಕಾರ ಎರಡೂ ಕೈಗೆ ಒಗ್ಗಿದರೂ ಪಕ್ಕದ ಗುಂಡಿಗಳು ಬಲಗೈಯವರ ಹೆಬ್ಬೆರಳಿಗೆ ಮಾತ್ರ. ಅಣ್ಣ ತಂಗಿ ಸರದಿಯಲ್ಲಿ ಹಿಡಿದು ನೋಡಿ ಒಪ್ಪಿದರು.

ಐದು ಸಾವಿರದ್ದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದು ಇನ್ನೂ ಹಗುರ. ಕೆಲವದರಲ್ಲಿ ಲೋಹದ ಪಟ್ಟಿಯ ಬದಲು ಬೆಳಕಿನ ಕಿರಣ ಮುಚ್ಚಿ ತೆರೆಯುವ ಸ್ವಿಚ್ ಇರುವುದರಿಂದ ಒಂದು ಒತ್ತು ಎರಡಾಗುವ ರೋಗವೇ ಬರುವುದಿಲ್ಲ. ಆದರೆ ಆ ಮನೆಯ ಊಟದ ಮೇಜಿನ ಮೇಲೆ, ಆ ಪರದೆಯ ಮುಂದೆ, ಉಳಿದ ಮೂರೂವರೆ ಸಾವಿರಕ್ಕೆ ತಕ್ಕ ಫಲ ನನಗೆ ಕಾಣಲಿಲ್ಲ. ಬದಲಿಗೆ ಹುಡುಗಿಯ ಕುರ್ಚಿಗೆ ಒಂದು ದಿಂಬು ಹಾಕಿಸಿದೆ. ಮೇಜು ಎತ್ತರವಾಗಿ ಮೊಣಕೈ ತೂಗಾಡುತ್ತಿತ್ತು, ಮಣಿಕಟ್ಟು ನೋಯುವುದೂ ಅದರಿಂದಲೇ.

ಮನೆಯಲ್ಲಿ ಒಳ್ಳೆಯದು ಬಂದರೂ ಪರೀಕ್ಷಾ ಕೇಂದ್ರದಲ್ಲಿ ಅವರು ಕೊಟ್ಟದ್ದನ್ನೇ ಹಿಡಿಯಬೇಕಲ್ಲ? ಅದಕ್ಕೆ ಹುಡುಗಿಗೆ ಒಂದೇ ಮಾತು ಹೇಳಿದ್ದೆ. ಒತ್ತಿದ್ದು ಎರಡಾಗಿ ಬಿದ್ದರೆ, ಬಾಣ ಹಾರಿದರೆ, ನಿನ್ನದೇ ತಪ್ಪೆಂದು ಒದ್ದಾಡಬೇಡ. ತಕ್ಷಣ ಕೈಯೆತ್ತಿ ಮೇಲ್ವಿಚಾರಕರಿಗೆ ಹೇಳು, ಬೇರೆ ಕೇಳು. ಅಂಕಿ ಒತ್ತಿದ ಮೇಲೆ ಉತ್ತರದ ಜಾಗವನ್ನು ಒಮ್ಮೆ ಓದಿಯೇ ಮುಂದೆ ಹೋಗು. ಜನವರಿಯಲ್ಲಿ ಪರೀಕ್ಷೆ ಬರೆದು ಬಂದಳು. ಅಲ್ಲಿನ ಮೌಸ್ ಹಳೆಯದಾದರೂ ಸರಿಯಾಗಿಯೇ ಇತ್ತಂತೆ.

ಹುಡುಗ 800 ಡಿಪಿಐನಲ್ಲಿ ಆಡುತ್ತಿದ್ದಾನೆ. ಹಳೆಯ ಮೌಸ್ ಬಿಚ್ಚಿ ಸ್ವಿಚ್ ಬದಲಿಸಿ ಅಪ್ಪನಿಗೆ ಕೊಟ್ಟಿದ್ದಾನೆ. ಎಕ್ಸೆಲ್ ಲೆಕ್ಕ ಅದರಲ್ಲೇ ನಡೆದಿದೆ. ಮೊನ್ನೆ ಅಕ್ಕ ಮತ್ತೆ ಫೋನ್ ಮಾಡಿದಳು. “ಈಗ ಗೇಮಿಂಗ್ ಕುರ್ಚಿ ಬೇಕಂತೆ ಕಣೋ. ಯಾವಾಗ ಬರ್ತೀಯ?”