ಮನೋವ್ಯಥೆಗೆ ವೈದ್ಯರನ್ನು ಕಾಣುವುದೆಂದು?

ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರನ್ನುಂಡು ಬೆಳೆಯುವ ನಮ್ಮ ಸಿಂಧನೂರಿನ ಬತ್ತದ ಪೈರಿಗೆ ಬೆಂಕಿರೋಗವೆಂಬುದೊಂದು ಬರುವುದುಂಟು. ಎಲೆಯ ಮೇಲೆ ಚುಕ್ಕೆ ತೋರಿದ ಸಂಜೆಯೇ ರೈತನು ಆ ಎಲೆಯನ್ನು ಕಿತ್ತು ಕಿಸೆಯಲ್ಲಿಟ್ಟುಕೊಂಡು ಪೇಟೆಯ ಔಷಧದ ಅಂಗಡಿಗೆ ಬರುತ್ತಾನೆ. ತೆನೆಯೆಲ್ಲ ಜೊಳ್ಳಾಗಲಿ, ಆಮೇಲೆ ನೋಡೋಣವೆಂದು ಕಾಯುವವನನ್ನು ಈ ಸೀಮೆಯಲ್ಲಿ ನಾವು ಕಂಡಿಲ್ಲ. ಆದರೆ ಮನೆಯೊಳಗೆ ಒಬ್ಬರ ಮನಸ್ಸು ಬಾಡಹತ್ತಿದರೆ ತಿಂಗಳುಗಟ್ಟಲೆ ಕಾಯುವುದೇ ರೂಢಿಯಾಗಿದೆ. ರೈತನನ್ನು ದೂರುವ ಅಧಿಕಾರ ನಮಗಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾವೂ ಹಾಗೆಯೇ ಕಾದವರು. ಆ ಸಂಗತಿಯನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ನಮ್ಮ ಸೊಸೆಯ ತವರು ಮಸ್ಕಿ. ಎರಡು ವರ್ಷಗಳ ಹಿಂದೆ ಚೊಚ್ಚಲ ಹೆರಿಗೆ ಅಲ್ಲಿಯೇ ಸುಸೂತ್ರವಾಗಿ ಆಯಿತು. ಮೂರನೆಯ ತಿಂಗಳಲ್ಲಿ ಕೂಸಿನೊಡನೆ ಸಿಂಧನೂರಿಗೆ ಬಂದಳು. ಬಂದವಳು ಹೋದವಳಂತಿರಲಿಲ್ಲ. ಕೂಸು ಮಲಗಿದರೂ ಆಕೆ ಮಲಗಳು. ಮಾಳಿಗೆಯ ತೊಲೆಗಳನ್ನು ನೋಡುತ್ತ ಬೆಳಗು ಮಾಡುವಳು. ತಲೆ ಬಾಚಿಕೊಳ್ಳುವುದು ನಿಂತಿತು. ರೊಟ್ಟಿ ತಟ್ಟೆಯಲ್ಲಿಯೇ ಒಣಗುತ್ತಿತ್ತು. ಕೂಸು ಅತ್ತರೆ, ಬಹು ದೂರದಿಂದ ಯಾರೋ ಕರೆದರೆಂಬಂತೆ ತಡವಾಗಿ ತಿರುಗಿ ನೋಡುವಳು.

ನೆರೆಯವರು ದೃಷ್ಟಿಯೆಂದರು, ತಾಯತ ಬಂದಿತು, ಹರಕೆಯೂ ಆಯಿತು. ನಮ್ಮ ಧರ್ಮಪತ್ನಿ ನಿಶ್ಶಕ್ತಿಯೆಂದು ಅಂಟಿನುಂಡೆ ಕಟ್ಟಿದಳು. ನಾವು ಭಗವದ್ಗೀತೆಯನ್ನು ತಂದು ಎರಡನೆಯ ಅಧ್ಯಾಯವನ್ನು ಅರ್ಥಸಹಿತ ಓದಿ ಹೇಳಿದೆವು. ಆಕೆ ಕೊನೆಯವರೆಗೂ ಕೇಳಿ, "ಎಲ್ಲಾ ತಿಳಿತೈತ್ರಿ ಮಾವಾರ, ಆದ್ರ ಏಳಾಕ ಆಗವಲ್ದ್ರಿ" ಎಂದಳು. ನಮಗೆ ಅದು ಮೊಂಡುತನವಾಗಿ ತೋರಿತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಆ ಮಾತಿನ ಅರ್ಥ ನಮಗಾದುದು ಬಹಳ ದಿನಗಳ ಮೇಲೆ. ಅರ್ಜುನನಿಗಾದುದೇನು? ಮೈ ನಡುಗಿತು, ಬಾಯಿ ಒಣಗಿತು, ಕೈಯಿಂದ ಗಾಂಡೀವ ಜಾರಿತು. ವಿಷಾದವು ಮೊದಲು ದೇಹದಲ್ಲಿಯೇ ತೋರಿಕೊಂಡಿತು. ಆ ಮೊದಲನೆಯ ಅಧ್ಯಾಯದಲ್ಲಿ ಕೃಷ್ಣನು ಆಡಿದುದು, ನೆರೆದ ಕುರುಗಳನ್ನು ನೋಡೆಂಬ ಒಂದೇ ಮಾತು, ಉಳಿದುದೆಲ್ಲ ಕೇಳುವುದೇ. ಉಪದೇಶ ಬಂದುದು ಆಮೇಲೆ. ನಾವೋ ಕೇಳುವ ಅಧ್ಯಾಯವನ್ನು ಬಿಟ್ಟು ಹೇಳುವ ಅಧ್ಯಾಯದಿಂದಲೇ ಆರಂಭಿಸಿದ್ದೆವು!

ಲಿಂಗಸುಗೂರಿನಲ್ಲಿ ನರ್ಸಾಗಿದ್ದು ನಿವೃತ್ತಳಾದ ನಮ್ಮ ತಂಗಿ ಕೂಸನ್ನು ನೋಡಲು ಬಂದಳು. ಬಂದ ದಿನವೇ ಸೊಸೆಯನ್ನು ಕೇಳಿದುದು ಮೂರು ಮಾತು: ಹೀಗಾಗಿ ಎಷ್ಟು ದಿನವಾಯಿತು? ಕೂಸು ಮಲಗಿದಾಗಲಾದರೂ ನಿದ್ದೆ ಬರುವುದೋ? ಮೊದಲು ಸುಲಭವಾಗಿ ಮಾಡುತ್ತಿದ್ದ ಕೆಲಸ ಈಗ ಕೈಗೆ ಹತ್ತುವುದೋ? ಅನಂತರ ನಮ್ಮೆಲ್ಲರನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿಕೊಂಡು ನಾಲ್ಕನೆಯದನ್ನು ಕೇಳಿದಳು. ಸಾಯಬೇಕೆಂಬ ವಿಚಾರ ಬರುವುದೋ ಎಂಬುದೇ ಆ ಪ್ರಶ್ನೆ. "ನಾ ಇಲ್ಲಂದ್ರ ಕೂಸಿಗೆ ಚಲೋ ಆಕ್ಕೈತಿ ಅನಸ್ತೈತ್ರಿ" ಎಂಬ ಉತ್ತರ ಬಂದಿತು. ಅಂತಹ ಪ್ರಶ್ನೆ ಕೇಳಿದರೆ ಇಲ್ಲದ ವಿಚಾರ ಹುಟ್ಟೀತೆಂದು ನಾವು ಅಂಜಿದ್ದೆವು. ಹಾಗೆ ಹುಟ್ಟುವುದಿಲ್ಲ, ಕೇಳಿದರೆ ಭಾರವೇ ಇಳಿಯುವುದೆಂದು ತಂಗಿ ಹೇಳಿದಳು. ಮುಂದೆ ವೈದ್ಯರೂ ಅದನ್ನೇ ಹೇಳಿದರು. ಆ ರಾತ್ರಿ ಆಕೆಯನ್ನು ಒಬ್ಬಳನ್ನೇ ಬಿಡಲಿಲ್ಲ. ಮರುದಿನ ಮೊದಲನೆಯ ಬಸ್ಸಿಗೆ ರಾಯಚೂರಿಗೆ ಹೊರಟೆವು.

ನಮ್ಮ ತಂಗಿಯ ಪ್ರಶ್ನೆಗಳಲ್ಲಿಯೇ ನಮ್ಮ ಶಿರೋನಾಮೆಯ ಪ್ರಶ್ನೆಗೂ ಉತ್ತರವಿದೆ. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಅನೇಕ ಬಾಣಂತಿಯರಲ್ಲಿ ಸಹಜ. ಎರಡು ವಾರದೊಳಗೆ ಅದು ತಾನಾಗಿ ತಿಳಿಯಾಗುತ್ತದೆ. ಎರಡು ವಾರ ದಾಟಿಯೂ ದಿನವೆಲ್ಲ ಖಿನ್ನತೆ ಕವಿದಿದ್ದು, ನಿದ್ದೆ, ಹಸಿವು, ಆಸಕ್ತಿಗಳು ಕೆಟ್ಟು, ನಿತ್ಯದ ಕೆಲಸ ನಡೆಯದಂತಾದರೆ ವೈದ್ಯರನ್ನು ಕಾಣುವ ಕಾಲ ಬಂದಿತೆಂದೇ ತಿಳಿಯಬೇಕು. ಈ ಎರಡು ವಾರದ ಅಳತೆಯು ಬಾಣಂತಿಗೆ ಮಾತ್ರವಲ್ಲ. ಸಾಲದ ಚಿಂತೆಯಲ್ಲಿರುವ ಯಜಮಾನನಿಗೂ, ಪರೀಕ್ಷೆಯಲ್ಲಿ ನಪಾಸಾದ ಮಗನಿಗೂ, ಜೊತೆಗಾರರನ್ನು ಕಳೆದುಕೊಂಡ ಮುದುಕರಿಗೂ ಇದನ್ನೇ ಹಿಡಿಯಬಹುದು. ಅಷ್ಟು ಕೆಡುವವರೆಗೆ ಕಾಯಲೇಬೇಕೆಂದೂ ಇಲ್ಲ. ಒಂದೇ ದುಃಖ ಮರಳಿ ಮರಳಿ ಕಾಡುತ್ತಿದ್ದರೆ, ಅದನ್ನು ಮನೆಯವರೊಡನೆ ಆಡಲಾಗದಿದ್ದರೆ, ಅಷ್ಟೇ ಕಾರಣ ಸಾಕು.

ಆದರೆ ಒಂದು ಸ್ಥಿತಿಯಲ್ಲಿ ಎರಡು ವಾರವಲ್ಲ, ಎರಡು ದಿನವೂ ಕಾಯತಕ್ಕುದಲ್ಲ. ಸಾಯುವ ಮಾತು ಬಂದರೆ, ಇಲ್ಲದ ದನಿ ಕೇಳಿಸಿದರೆ, ಹೆತ್ತ ಕೂಸಿನ ಮೇಲೆಯೇ ವಿಪರೀತ ಸಂಶಯ ಹುಟ್ಟಿದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ನಮ್ಮ ಹಿರಿಯರು ಬಾಣಂತಿ ಸನ್ನಿಯೆಂದು ಕರೆದು ದೇವರ ಮೇಲೆ ಭಾರ ಹಾಕುತ್ತಿದ್ದ ಆ ಬೇನೆಗೆ ಇಂದು ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ತಾಯಿಯನ್ನು ಕೂಸಿನಿಂದ ಅಗಲಿಸದೆ, ಇಬ್ಬರನ್ನೂ ಜೊತೆಗಿರಿಸಿಕೊಂಡು ಉಪಚರಿಸುವ ವಾರ್ಡು ೨೦೦೯ರಿಂದ ನಡೆದಿದೆ.

ಇದು ಅಪರೂಪದ ಬೇನೆಯೆಂದು ಯಾರೂ ತಿಳಿಯಬಾರದು. ನಮ್ಮ ದೇಶದ ೩೮ ಅಧ್ಯಯನಗಳನ್ನು ಕೂಡಿಸಿ ೨೦೧೭ರಲ್ಲಿ ಪ್ರಕಟವಾದ ಲೆಕ್ಕದಂತೆ ನೂರು ಬಾಣಂತಿಯರಲ್ಲಿ ಸುಮಾರು ೨೨ ಮಂದಿಗೆ ಖಿನ್ನತೆಯ ಲಕ್ಷಣಗಳಿರುತ್ತವೆ. ಇದನ್ನು ಗುರುತಿಸಲು ೧೯೮೭ರಲ್ಲಿ ಎಡಿನ್‌ಬರೋದ ವಿದ್ವಾಂಸರು ಹತ್ತೇ ಪ್ರಶ್ನೆಗಳ ಪಟ್ಟಿಯೊಂದನ್ನು ರಚಿಸಿದರು, ಕನ್ನಡದಲ್ಲಿಯೂ ಅದಿದೆ. ಕಳೆದ ಏಳು ದಿನ ಹೇಗಿದ್ದಿರೆಂಬುದಷ್ಟೇ ಅದರ ವಿಚಾರಣೆ. ಹತ್ತನೆಯ ಪ್ರಶ್ನೆ ನಮ್ಮ ತಂಗಿ ಬಾಗಿಲು ಮುಚ್ಚಿ ಕೇಳಿದುದೇ.

ಇನ್ನು ಯಾರ ಬಳಿಗೆ ಹೋಗಬೇಕೆಂಬ ತೊಡಕು. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋರೋಗಗಳಲ್ಲಿ ವಿಶೇಷವಾಗಿ ವ್ಯಾಸಂಗ ಮಾಡಿದವರು; ಔಷಧ ಬರೆದುಕೊಡುವವರು ಅವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮಾತಿನಿಂದಲೇ ಚಿಕಿತ್ಸೆ ಮಾಡುವವರು. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕುಳ್ಳಿರಿಸಿಕೊಂಡು, ಯಾವ ವಿಚಾರದ ಬೆನ್ನಿಗೆ ಯಾವ ದುಃಖ ಬರುವುದೆಂದು ರೋಗಿಯೇ ಕಂಡುಕೊಳ್ಳುವಂತೆ ಮಾಡುತ್ತಾರೆ. ಇದು ನಮ್ಮವರಿಗೆ ತೀರ ಅಪರಿಚಿತವಾದುದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ೧೧ನೆಯ ಅಧ್ಯಾಯದಲ್ಲಿ ಹೇಳಿದ ಮೂರು ಬಗೆಯ ಚಿಕಿತ್ಸೆಗಳಲ್ಲಿ ಸತ್ತ್ವಾವಜಯವೂ ಒಂದು. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವುದೆಂದು ಅದರ ಅರ್ಥ. ಎರಡೂ ಒಂದೇ ಎಂದು ಸಾಧಿಸಹೋಗುವ ಪಂಡಿತರ ಗುಂಪಿಗೆ ನಾವು ಸೇರಿದವರಲ್ಲ. ಮನಸ್ಸಿಗೂ ಚಿಕಿತ್ಸೆಯುಂಟೆಂಬ ಮಾತು ಹೊಸದಲ್ಲವೆಂದಷ್ಟೇ ನಮ್ಮ ಅಭಿಪ್ರಾಯ.

ನಮ್ಮ ಬಾಲ್ಯದಲ್ಲಿ "ಧಾರವಾಡಕ್ಕ ಕಳಸಬೇಕು" ಎಂಬುದು ಒಂದು ಬೈಗಳಾಗಿತ್ತು. ಅಲ್ಲಿಯ ಹಳೆಯ ಮಾನಸಿಕ ಆಸ್ಪತ್ರೆಯೇ ಇಂದು ಡಿಮ್ಹಾನ್ಸ್ ಎಂಬ ವಿದ್ಯಾಸಂಸ್ಥೆಯಾಗಿದೆ. ಹೊಳೆಯಾಚೆಯ ಬಳ್ಳಾರಿ ಜಿಲ್ಲೆಯ ಕಥೆ ಇನ್ನೂ ಹೆಚ್ಚಿನದು. ೧೯೮೫ರಲ್ಲಿ ನಿಮ್ಹಾನ್ಸಿನವರು ಆ ಜಿಲ್ಲೆಯನ್ನು ಆರಿಸಿಕೊಂಡು, ಹಳ್ಳಿಯ ಪ್ರಾಥಮಿಕ ಆರೋಗ್ಯಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಿ ಉಪಚರಿಸುವುದನ್ನು ಕಲಿಸಿದರು. ಅದು ಫಲಿಸಿತು, ೧೯೯೬ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಇಡೀ ದೇಶಕ್ಕೆ ಮೇಲ್ಪಂಕ್ತಿಯಾದುದು ಸೇತುವೆ ದಾಟಿದರೆ ಸಿಗುವ ಊರುಗಳಲ್ಲಿ ನಡೆದಿದ್ದರೂ ನಾವು ಈಚೆ ದಡದಲ್ಲಿ ತಾಯತ ಕಟ್ಟುತ್ತ ಕುಳಿತಿದ್ದೆವು.

ತಾಲೂಕು ಆಸ್ಪತ್ರೆಗಳಿಗೆ ಗೊತ್ತಾದ ದಿನ ಮನೋವೈದ್ಯರು ಬರುವ ಮನೋಚೈತನ್ಯವೆಂಬ ಏರ್ಪಾಡನ್ನು ನಮ್ಮ ಸರ್ಕಾರ ಮಾಡಿದೆ. ದಿನವನ್ನು ಆಸ್ಪತ್ರೆಯಲ್ಲಿಯೇ ವಿಚಾರಿಸಿಕೊಳ್ಳಬೇಕು. ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಇದಕ್ಕೊಂದು ವಿಭಾಗವೇ ಇದೆ. ಮನೆಯಿಂದ ಹೊರಡಲಾಗದವರು ೧೪೪೧೬ ಎಂಬ ಸಂಖ್ಯೆಗೆ ಫೋನು ಮಾಡಬಹುದು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮನಸ್ ಎಂಬ ಈ ಸೇವೆ ಹಗಲೂ ರಾತ್ರಿಯೂ ಉಚಿತ; ಕನ್ನಡದಲ್ಲಿಯೇ ಮಾತನಾಡಬಹುದು. ಊರಿಗೆಲ್ಲ ತಿಳಿದೀತೆಂಬ ಅಂಜಿಕೆಗೂ ಸಮಾಧಾನವುಂಟು: ೨೦೧೭ರ ಮಾನಸಿಕ ಆರೋಗ್ಯದ ಕಾಯಿದೆಯಂತೆ ರೋಗಿಯ ಸಂಗತಿಯನ್ನು ವೈದ್ಯರು ಗುಟ್ಟಾಗಿಡಬೇಕು.

ನಮ್ಮ ಸೊಸೆಗೆ ವೈದ್ಯರು ಹಾಲೂಡಿಸುವ ತಾಯಿಗೆ ಹೊಂದುವ ಮಾತ್ರೆ ಕೊಟ್ಟು, ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿಗೂ ಕಳಿಸಿದರು. ಮೊದಲೆರಡು ವಾರ ಏನೂ ತೋರಲಿಲ್ಲ. ಬಿಟ್ಟುಬಿಡೋಣವೆಂದು ನಾವೇ ಅಂದೆವು, ತಂಗಿ ಗದರಿದಳು. ನಾಲ್ಕನೆಯ ವಾರ ಒಂದು ಮಧ್ಯಾಹ್ನ ಕೂಸಿನ ಪಕ್ಕದಲ್ಲಿ ಆಕೆ ಗಾಢವಾಗಿ ನಿದ್ದೆ ಹೋಗಿದ್ದಳು. ನಮ್ಮ ಧರ್ಮಪತ್ನಿ ಬೀಸುವ ಪಂಖದ ಸದ್ದಿಗೂ ಅಂಜಿ ಬಾಗಿಲಲ್ಲಿಯೇ ನಿಂತಿದ್ದಳು.

ಪ್ರತಿ ಗುರುವಾರ ಸೊಸೆ ರಾಯಚೂರಿಗೆ ಹೋಗುವುದೇಕೆಂದು ಪಕ್ಕದ ಮನೆಯಾಕೆ ಕೇಳಿದಾಗ ನಮ್ಮವಳು ಹಲ್ಲುನೋವೆಂದೇ ಹೇಳುತ್ತ ಬಂದಿದ್ದಳು. ಇಷ್ಟು ತಿಂಗಳ ಹಲ್ಲುನೋವನ್ನು ಯಾರು ನಂಬಿಯಾರು? ಒಂದು ದಿನ ಸೊಸೆಯೇ ಕಟ್ಟೆಯ ಮೇಲೆ ಕುಳಿತು ಇದ್ದುದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಈ ಲೇಖನಕ್ಕೂ ಒಪ್ಪಿಗೆ ಕೊಟ್ಟು, "ಬರೀರಿ ಮಾವಾರ, ಹೆಸರೊಂದು ಬ್ಯಾಡ" ಎಂದವಳು ಆಕೆಯೇ. ಪಕ್ಕದ ಮನೆಯಾಕೆ ಅಂದು ಏನೂ ಆಡದೆ ಎದ್ದುಹೋದಳು. ಮರುದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದು, ಆರು ತಿಂಗಳಿಂದ ಮನೆ ಬಿಟ್ಟು ಹೊರಬಾರದ ತನ್ನ ಮಗನಿಗೆಂದು ಆ ವೈದ್ಯರ ವಿಳಾಸ ಕೇಳಿದಳು.