ಟೇಪಿನ ಬೆಲೆ, ಹಾಡಿನ ಮೌಲ್ಯ

1966ರ ಜೂನ್ 16ರಂದು ಬೀಟಲ್ಸ್ ತಂಡ ಬಿಬಿಸಿಯ ‘ಟಾಪ್ ಆಫ್ ದ ಪಾಪ್ಸ್’ ಕಾರ್ಯಕ್ರಮದಲ್ಲಿ ‘ಪೇಪರ್‌ಬ್ಯಾಕ್ ರೈಟರ್’ ಮತ್ತು ‘ರೇನ್’ ಗೀತೆಗಳನ್ನು ಪ್ರಸ್ತುತಪಡಿಸಿತು. ಆ ಕಾರ್ಯಕ್ರಮದ ನೇರಪ್ರಸಾರದಲ್ಲಿ ತಂಡ ಕಾಣಿಸಿಕೊಂಡದ್ದು ಅದೊಂದೇ ಬಾರಿ. ಮುಂದೆ ಬಿಬಿಸಿ ಆ ಟೇಪನ್ನು ಅಳಿಸಿಹಾಕಿತು.

ಇದನ್ನು ಬೇಜವಾಬ್ದಾರಿ ಎಂದುಬಿಡುವುದು ಸುಲಭ. ಮೂರು ದಶಕಗಳನ್ನು ಕಡತಗಳ ನಡುವೆ ಕಳೆದ ನನಗೆ ಅದರಲ್ಲಿ ಕಾಣುವುದು ಚಿರಪರಿಚಿತ ಆಡಳಿತ ತರ್ಕ. ಆಗ ವಿಡಿಯೊ ಟೇಪು ದುಬಾರಿ. ಅಳಿಸಿ ಮತ್ತೆ ಬಳಸಿದರೆ ಆಗುವ ಉಳಿತಾಯ ಲೆಕ್ಕಪುಸ್ತಕದಲ್ಲಿ ಎದ್ದು ಕಾಣುತ್ತದೆ. ಮುಂದಿನ ಪೀಳಿಗೆಗೆ ಆಗುವ ನಷ್ಟಕ್ಕೆ ಯಾವ ಖಾತೆಯಲ್ಲೂ ಕಾಲಂ ಇರುವುದಿಲ್ಲ. ಲೆಕ್ಕಪರಿಶೋಧಕರು ಆಕ್ಷೇಪಿಸುವುದೂ ಇಲ್ಲ!

ಉಳಿದುಕೊಂಡದ್ದು ಆಕಸ್ಮಿಕವಾಗಿ. ಅದೇ ಕಾರ್ಯಕ್ರಮಕ್ಕಾಗಿ 1965ರಲ್ಲಿ ನೀಡಿದ ‘ಟಿಕೆಟ್ ಟು ರೈಡ್’ ಪ್ರದರ್ಶನದ ತುಣುಕು ಇಂದು ಲಭ್ಯವಿರುವುದು, ‘ಡಾಕ್ಟರ್ ಹೂ’ ಧಾರಾವಾಹಿಯ ಕಂತೊಂದರಲ್ಲಿ ಅದನ್ನು ಸೇರಿಸಿದ್ದರಿಂದ. 1966ರ ಪ್ರದರ್ಶನವನ್ನು ವೀಕ್ಷಕರೊಬ್ಬರು ಟಿ.ವಿ. ಪರದೆಯತ್ತಲೇ 8 ಎಂ.ಎಂ. ಕ್ಯಾಮೆರಾ ಹಿಡಿದು ಚಿತ್ರೀಕರಿಸಿದ್ದರು. ಅದರ 11 ಸೆಕೆಂಡುಗಳ ಮೂಕ ತುಣುಕು ಬೆಳಕಿಗೆ ಬಂದದ್ದು 2019ರಲ್ಲಿ. ಅದೇ ವರ್ಷ 92 ಸೆಕೆಂಡುಗಳ ಇನ್ನೊಂದು ತುಣುಕು ದೊರೆಯಿತು. ಸ್ಟುಡಿಯೊ, ತಂತ್ರಜ್ಞರು, ಉಗ್ರಾಣ ಎಲ್ಲವೂ ಇದ್ದದ್ದು ಬಿಬಿಸಿಯ ಬಳಿ.

ಹಳೆಯ ಕಾರ್ಯಕ್ರಮಗಳನ್ನು ವ್ಯಾಪಕವಾಗಿ ಅಳಿಸುವ ಪದ್ಧತಿಯನ್ನು ಬಿಬಿಸಿ ಕೈಬಿಟ್ಟದ್ದು 1978ರ ಸುಮಾರಿಗೆ. ಆ ಹೊತ್ತಿಗೆ ಬೀಟಲ್ಸ್ ತಂಡ ಒಡೆದು ಎಂಟು ವರ್ಷಗಳಾಗಿದ್ದವು.