ತೇಲುವುದಲ್ಲ, ಬೀಳುವುದು

ಗಗನಯಾನಿ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲುಪಿ, ಅದರೊಳಗೆ ತೇಲಾಡಿದ ದೃಶ್ಯವನ್ನು ದೇಶವೇ ಹೆಮ್ಮೆಯಿಂದ ನೋಡಿತು. ‘ಅಲ್ಲಿ ಗುರುತ್ವಾಕರ್ಷಣೆ ಇಲ್ಲ, ಆದ್ದರಿಂದ ತೇಲುತ್ತಾರೆ’ ಎಂದು ಮಕ್ಕಳಿಗೆ ಹೇಳಿದ ಹಿರಿಯರು ಎಷ್ಟೋ ಮಂದಿ. ವಿವರಣೆ ಸರಳವಾಗಿದೆ, ಆದರೆ ನಿಜವಲ್ಲ.

ಆ ನಿಲ್ದಾಣ ಇರುವುದು ನೆಲದಿಂದ ಸುಮಾರು 400 ಕಿಲೊಮೀಟರ್ ಎತ್ತರದಲ್ಲಿ. ಅಷ್ಟೆತ್ತರದ ಗೋಪುರವೊಂದನ್ನು ಕಟ್ಟಿ, ಅದರ ತುದಿಯಲ್ಲಿ ತೂಕದ ಯಂತ್ರವಿಟ್ಟು ಹತ್ತಿದರೆ, ಇಲ್ಲಿ 60 ಕಿಲೊ ತೂಗುವವರು ಅಲ್ಲಿ ಸುಮಾರು 53 ಕಿಲೊ ತೂಗುತ್ತಾರೆ. ಭೂಮಿಯ ಸೆಳೆತ ಅಲ್ಲಿಗೆ ಮುಗಿದುಹೋಗಿದ್ದರೆ, 3,84,000 ಕಿಲೊಮೀಟರ್ ದೂರದ ಚಂದ್ರನನ್ನು ಹಿಡಿದಿಟ್ಟಿರುವುದಾದರೂ ಯಾವುದು?

ಹಾಗಾದರೆ ತೇಲುವುದೇಕೆ? ಉತ್ತರ ಹುಡುಕಲು ನಾನು ಸೂಚಿಸುವ ಪ್ರಯೋಗಕ್ಕೆ ಒಂದು ಹಳೆಯ ಪ್ಲಾಸ್ಟಿಕ್ ಬಾಟಲಿ ಸಾಕು. ಅದರ ತಳದ ಬಳಿ ಸಣ್ಣ ತೂತು ಮಾಡಿ, ನೀರು ತುಂಬಿ, ಮುಚ್ಚಳ ಹಾಕದೆ ಎತ್ತಿ ಹಿಡಿಯಿರಿ, ನೀರು ಚಿಮ್ಮುತ್ತದೆ. ಈಗ ಬಾಟಲಿಯನ್ನು ಕೈಬಿಡಿ. ಅದು ಬೀಳುತ್ತಿರುವಷ್ಟು ಹೊತ್ತು ನೀರು ಚಿಮ್ಮುವುದು ನಿಲ್ಲುತ್ತದೆ. ಗುರುತ್ವ ಎಲ್ಲಿಗೂ ಹೋಗಿಲ್ಲ. ಬಾಟಲಿಯೂ ನೀರೂ ಒಂದೇ ವೇಗದಲ್ಲಿ ಬೀಳುತ್ತಿರುವುದರಿಂದ ನೀರು ಬಾಟಲಿಯ ತಳವನ್ನು ಒತ್ತುತ್ತಿಲ್ಲ, ಅಷ್ಟೆ. ನಾವು ತೂಕವೆಂದು ಅನುಭವಿಸುವುದು ಈ ಒತ್ತುವಿಕೆಯನ್ನೇ.

ಬಾಹ್ಯಾಕಾಶ ನಿಲ್ದಾಣವೂ ಅಂಥದೇ ಒಂದು ಬಾಟಲಿ. ಗಗನಯಾನಿಗಳು ಅದರೊಡನೆಯೇ ಬೀಳುತ್ತಿದ್ದಾರೆ. ಆದರೂ ನೆಲ ಮುಟ್ಟದಿರುವುದೇಕೆ? ಎತ್ತರದ ಬೆಟ್ಟದ ಮೇಲಿಂದ ಫಿರಂಗಿಯ ಗುಂಡನ್ನು ಅಡ್ಡಲಾಗಿ ಹಾರಿಸುವುದನ್ನು ಕಲ್ಪಿಸಿಕೊಂಡು ಇದಕ್ಕೆ ಉತ್ತರ ಕೊಟ್ಟವನು ನ್ಯೂಟನ್. ಕೈಬಿಟ್ಟ ವಸ್ತು ಮೊದಲ ಸೆಕೆಂಡಿನಲ್ಲಿ ಸುಮಾರು 5 ಮೀಟರ್ ಬೀಳುತ್ತದೆ. ದುಂಡಗಿನ ಭೂಮಿಯ ಮೇಲ್ಮೈ ಪ್ರತಿ 8 ಕಿಲೊಮೀಟರಿಗೆ ಸುಮಾರು 5 ಮೀಟರ್ ತಗ್ಗುತ್ತದೆ. ಸೆಕೆಂಡಿಗೆ 8 ಕಿಲೊಮೀಟರ್ ವೇಗದಲ್ಲಿ ಸಾಗುವ ಗುಂಡು ಬಿದ್ದಷ್ಟೂ ನೆಲವೂ ಕೆಳಗೆ ಸರಿಯುತ್ತದೆ. ಗಂಟೆಗೆ ಸುಮಾರು 28,000 ಕಿಲೊಮೀಟರ್ ವೇಗದಲ್ಲಿ ಹೀಗೆ ಬೀಳುತ್ತಲೇ ನಿಲ್ದಾಣ 90 ನಿಮಿಷಗಳಲ್ಲಿ ಭೂಮಿಯನ್ನು ಒಂದು ಸುತ್ತು ಹಾಕುತ್ತದೆ.

ಇಷ್ಟನ್ನು ಹೇಳಲು ಒಂದು ಸಮೀಕರಣವೂ ಬೇಕಾಗಲಿಲ್ಲ ಎಂಬುದನ್ನು ಗಮನಿಸಬೇಕು. ವಿಜ್ಞಾನ ಹೇಳಲು ಕನ್ನಡ ಸಾಲದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ ‘ವಿಜ್ಞಾನ’ ಮಾಸಪತ್ರಿಕೆ ಆರಂಭಿಸಿದ್ದು 1918ರಷ್ಟು ಹಿಂದೆ. ನಮ್ಮ ತೊಡಕು ಭಾಷೆಯದಲ್ಲ, ಅಭ್ಯಾಸದ್ದು. ಇಂಗ್ಲಿಷಿನ ‘ಜೀರೊ ಗ್ರಾವಿಟಿ’ಯನ್ನು ‘ಶೂನ್ಯ ಗುರುತ್ವ’ ಎಂದು ಯಥಾವತ್ತಾಗಿ ಇಳಿಸಿಕೊಂಡಾಗ ಪದದೊಂದಿಗೆ ಅದರ ತಪ್ಪೂ ನಮ್ಮ ಮನೆಗೆ ಬಂತು. ‘ತೂಕವಿಲ್ಲದ ಸ್ಥಿತಿ’ ಎಂದಿದ್ದರೆ ಸಾಕಿತ್ತು.

ಒಂದು ಪದಕ್ಕೆ ಇಷ್ಟು ಚರ್ಚೆಯೇ ಎನ್ನಬಹುದು. ‘ಅಲ್ಲಿ ಗುರುತ್ವವಿಲ್ಲ’ ಎಂದು ಕಂಠಪಾಠ ಮಾಡಿದ ಮಗು ಚಂದ್ರನ ಬಗ್ಗೆ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಅದಕ್ಕೆ ಆಗಲೇ ಉತ್ತರ ಸಿಕ್ಕಿಬಿಟ್ಟಿದೆ. ಸರಿಯಾದ ವಿವರಣೆ ಪ್ರಶ್ನೆಯನ್ನು ಮುಗಿಸುವುದಿಲ್ಲ, ಬೆಳೆಸುತ್ತದೆ. ವಿಜ್ಞಾನವನ್ನು ಜನರಿಗೆ ತಿಳಿಸಹೊರಟವರು ಸರಳತೆಯ ಜೊತೆಗೆ ಈ ಹೊಣೆಯನ್ನೂ ಹೊರಬೇಕು.